ಬೊಕ್ಕಸದ ಐಶ್ವರ್ಯ, ಪ್ರಜೆಯ ದಾರಿದ್ರ್ಯ: ಹೈದರಾಬಾದು ಸಂಸ್ಥಾನದ ದೃಷ್ಟಾಂತದಿಂದ ಮುಸ್ಲಿಂ ರಾಷ್ಟ್ರಗಳ ಆರ್ಥಿಕ ಸ್ಥಿತಿಯ ವಿಚಾರ

1. ಪೀಠಿಕೆ

ಇಸ್ಲಾಂ ಧರ್ಮೀಯರು ಬಹುಸಂಖ್ಯಾತರಾಗಿರುವ ರಾಷ್ಟ್ರಗಳ ಆರ್ಥಿಕ ಸ್ಥಿತಿಯನ್ನು ಅವಲೋಕಿಸುವವನಿಗೆ ಮೊದಲು ಕಣ್ಣಿಗೆ ಬೀಳುವುದು ಅವುಗಳೊಳಗಿನ ಅಸಾಧಾರಣವಾದ ಅಂತರ. ಕತಾರಿನಲ್ಲಿ ತಲಾ ವಾರ್ಷಿಕ ಉತ್ಪನ್ನವು 70,000 ಡಾಲರುಗಳನ್ನು ಮೀರಿದ್ದರೆ ನೈಜರ್, ಯೆಮನ್, ಆಫ್ಘಾನಿಸ್ತಾನಗಳಲ್ಲಿ ಅದು 1,000 ಡಾಲರುಗಳನ್ನೂ ಮುಟ್ಟುವುದಿಲ್ಲ. ಈ ಎರಡು ತುದಿಗಳ ನಡುವೆ ಮಲೇಷಿಯಾ, ತುರ್ಕಿ, ಇಂಡೋನೇಷಿಯಾ, ಬಾಂಗ್ಲಾದೇಶಗಳು ಒಂದೊಂದು ಮೆಟ್ಟಿಲಿನಲ್ಲಿ ನಿಂತಿವೆ. ಒಂದೇ ಧರ್ಮವನ್ನು ಅನುಸರಿಸುವ ಜನಾಂಗಗಳಲ್ಲಿ ಇಷ್ಟು ಭಿನ್ನವಾದ ಫಲಗಳು ಕಂಡುಬಂದಿರುವಾಗ, ಸಿರಿತನಕ್ಕಾಗಲಿ ಬಡತನಕ್ಕಾಗಲಿ ಆ ಧರ್ಮವೇ ಕಾರಣವೆಂದು ಹೇಳಿದರೆ ಯಾವುದನ್ನೂ ವಿವರಿಸಿದಂತಾಗುವುದಿಲ್ಲ.

ಆದರೂ ಈ ಮಾತು ನಮ್ಮ ಕಾಲೇಜುಗಳ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಕಲಬುರಗಿ ಸೀಮೆಯಲ್ಲಿ ಅದಕ್ಕೆ ಇನ್ನೊಂದು ರೂಪವೂ ಉಂಟು: ನಾವು ಹಿಂದುಳಿದದ್ದು ಮುಸಲ್ಮಾನ ಅರಸನ ಆಳ್ವಿಕೆಯ ದೆಸೆಯಿಂದ, ಎಂಬುದು. ಎರಡು ಧರ್ಮಗಳ ವಿದ್ಯಾರ್ಥಿಗಳೂ ಒಂದೇ ಬೆಂಚಿನಲ್ಲಿ ಕುಳಿತಿರುವ ಕಡೆ ಇಂಥ ಮಾತನ್ನು ಪರೀಕ್ಷಿಸದೆ ಬಿಡುವುದು ಅಧ್ಯಾಪಕನಿಗೆ ಸಲ್ಲದು. ಪರೀಕ್ಷೆಗೆ ಬೇಕಾದ ಸಾಮಗ್ರಿ ನಮ್ಮ ನೆಲದಲ್ಲಿಯೇ ಇದೆ. ಹೈದರಾಬಾದು ಸಂಸ್ಥಾನವು ಮುಸ್ಲಿಂ ಬಹುಸಂಖ್ಯಾತ ರಾಜ್ಯವಾಗಿರಲಿಲ್ಲ. ಅಲ್ಲಿಯ ಅರಸು ಮುಸಲ್ಮಾನನು, ಪ್ರಜೆಗಳಲ್ಲಿ ಬಹುಭಾಗ ಹಿಂದೂಗಳು. ಹೀಗೆ ಅರಸನ ಧರ್ಮವೂ ಪ್ರಜೆಗಳ ಧರ್ಮವೂ ಬೇರೆಬೇರೆಯಾಗಿದ್ದುದರಿಂದಲೇ, ಸಂಪತ್ತಿನ ಹಂಚಿಕೆಯಲ್ಲಿ ಧರ್ಮದ ಪಾತ್ರವೆಷ್ಟು, ಭೂಮಿಯ ಒಡೆತನದ ಪಾತ್ರವೆಷ್ಟು ಎಂಬುದನ್ನು ಇಲ್ಲಿ ಬಿಡಿಸಿ ನೋಡುವುದು ಸಾಧ್ಯವಾಗುತ್ತದೆ.

2. ಹೈದರಾಬಾದಿನ ಭೂಮಿ ಮೂರು ಬಗೆ

ಹೈದರಾಬಾದು ಸಂಸ್ಥಾನದ ವಿಸ್ತೀರ್ಣ ಸುಮಾರು 82,000 ಚದರ ಮೈಲಿ. 1941ರ ಜನಗಣತಿಯ ಪ್ರಕಾರ ಜನಸಂಖ್ಯೆ 1 ಕೋಟಿ 63 ಲಕ್ಷ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನು 1911ರಲ್ಲಿ ಪಟ್ಟಕ್ಕೆ ಬಂದನು. ಅಮೆರಿಕದ ಟೈಮ್ ಪತ್ರಿಕೆ 1937ರಲ್ಲಿ ಆತನ ಚಿತ್ರವನ್ನು ಮುಖಪುಟದಲ್ಲಿ ಅಚ್ಚು ಹಾಕಿ ಜಗತ್ತಿನಲ್ಲೇ ಅತ್ಯಂತ ಶ್ರೀಮಂತನೆಂದು ಕರೆಯಿತು. 184.75 ಕ್ಯಾರೆಟ್ ತೂಕದ ಜೇಕಬ್ ವಜ್ರವನ್ನು ಆತನು ಕಾಗದಗಳ ಮೇಲೆ ಇಡುವ ಭಾರದಂತೆ ಬಳಸುತ್ತಿದ್ದನೆಂಬುದು ಪ್ರಸಿದ್ಧವಾದ ಸಂಗತಿ.

ಈ ಐಶ್ವರ್ಯದ ಮೂಲವನ್ನು ತಿಳಿಯಬೇಕಾದರೆ ಸಂಸ್ಥಾನದ ಭೂಮಿ ಹೇಗೆ ವಿಂಗಡವಾಗಿತ್ತೆಂಬುದನ್ನು ನೋಡಬೇಕು. ಸರಕಾರಕ್ಕೆ ನೇರವಾಗಿ ಕಂದಾಯ ಸಲ್ಲಿಸುತ್ತಿದ್ದ ಭೂಮಿಗೆ ದಿವಾನಿ ಅಥವಾ ಖಾಲ್ಸಾ ಎಂದು ಹೆಸರು. ಇದು ಸ್ಥೂಲವಾಗಿ ಐದರಲ್ಲಿ ಮೂರು ಪಾಲು. ಹತ್ತರಲ್ಲಿ ಒಂದು ಪಾಲಿನಷ್ಟು ಭೂಮಿ ಸರ್ಫೆಖಾಸ್, ಎಂದರೆ ನಿಜಾಮನ ಸ್ವಂತ ಆಸ್ತಿ. ಅದರ ಹುಟ್ಟುವಳಿ ರಾಜ್ಯದ ಲೆಕ್ಕಕ್ಕೆ ಸೇರದೆ ಅರಸನ ಖಾಸಗಿ ಖಜಾನೆಗೆ ಹೋಗುತ್ತಿತ್ತು. ಉಳಿದ ಹತ್ತರಲ್ಲಿ ಮೂರು ಪಾಲಿನಷ್ಟು ಭೂಮಿ ಜಹಗೀರುದಾರರ, ಸಂಸ್ಥಾನಿಕರ, ಪಾಯಗಾ ಮನೆತನಗಳ ಕೈಯಲ್ಲಿತ್ತು.

ಪಾಯಗಾ ಎಂಬುದು ನಮ್ಮ ಪ್ರಾಂತಕ್ಕೆ ಹತ್ತಿರದ ಮಾತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನಿಜಾಮ್ ಅಲಿ ಖಾನನು ತನ್ನ ಅಂಗರಕ್ಷಕ ದಂಡಿನ ಖರ್ಚಿಗಾಗಿ ಅಬುಲ್ ಫತಹ್ ಖಾನನೆಂಬ ಸರದಾರನಿಗೆ ಬಿಟ್ಟುಕೊಟ್ಟ ಸೀಮೆಗಳೇ ಪಾಯಗಾ ಎನಿಸಿದುವು. ಮುಂದೆ ಆ ಮನೆತನವು ಅಸ್ಮಾನ್ ಜಾ, ಖುರ್ಷಿದ್ ಜಾ, ವಿಕಾರ್-ಉಲ್-ಉಮ್ರಾ ಎಂಬ ಮೂವರ ಹೆಸರಿನ ಮೂರು ಶಾಖೆಗಳಾಗಿ ಒಡೆಯಿತು. ದಂಡಿನ ಅಗತ್ಯ ತೀರಿತು. ಸೀಮೆಗಳು ಮಾತ್ರ ಆ ಮನೆತನಗಳಲ್ಲಿಯೇ ನಿಂತುವು. ಆಳಂದವು ಇಂಥ ಒಂದು ಪಾಯಗಾ ತಾಲ್ಲೂಕಿನ ಮುಖ್ಯಸ್ಥಾನವಾಗಿತ್ತು. ಅಲ್ಲಿ ವಸೂಲಾದ ಕಂದಾಯವು ಹೈದರಾಬಾದು ನಗರದ ದೇವಡಿಗಳಿಗೆ, ಎಂದರೆ ಅಮೀರರ ದೊಡ್ಡ ಮನೆಗಳಿಗೆ, ಹೋಗಿ ಸೇರುತ್ತಿತ್ತು. ದಂಡಿಗಾಗಿ ಕೊಟ್ಟ ಭೂಮಿ ದಂಡಿಲ್ಲದ ಮೇಲೂ ಹಿಂದಿರುಗದೆ ಉಳಿದದ್ದು ಈ ವ್ಯವಸ್ಥೆಯ ಸ್ವರೂಪವನ್ನು ತೋರಿಸುವುದಕ್ಕೆ ಸಾಕು.

3. ರೈತನ ಮೇಲೆ ಇದರ ಪರಿಣಾಮ

1853ರಿಂದ 1883ರ ವರೆಗೆ ದಿವಾನನಾಗಿದ್ದ ಮೊದಲನೆಯ ಸಾಲಾರ್ ಜಂಗನು ಕಂದಾಯ ಗುತ್ತಿಗೆಯ ಪದ್ಧತಿಯನ್ನು ತೆಗೆದು, 1865ರಲ್ಲಿ ಜಿಲ್ಲೆಗಳನ್ನು ರಚಿಸಿ, ಸಂಬಳದ ತಹಶೀಲುದಾರರನ್ನು ನೇಮಿಸಿದನು. ಮುಂದೆ ಭೂಮಾಪನವಾಗಿ ಕಂದಾಯವು ಗೊತ್ತಾದ ದರಕ್ಕೆ ನಿಂತಿತು. ಆದರೆ ಈ ಸುಧಾರಣೆ ಮುಟ್ಟಿದ್ದು ಮುಖ್ಯವಾಗಿ ದಿವಾನಿ ಪ್ರದೇಶವನ್ನು. ಅನೇಕ ಜಹಗೀರುಗಳಲ್ಲಿ ಸರಿಯಾದ ಮೋಜಣಿಯೇ ಆಗಲಿಲ್ಲ. ಪಕ್ಕದ ದಿವಾನಿ ಹಳ್ಳಿಗಿಂತ ಹೆಚ್ಚಿನ ದರ, ಮದುವೆ ಹಬ್ಬಗಳ ಹೆಸರಿನ ಪಟ್ಟಿಗಳು, ಬಿಟ್ಟಿ ಚಾಕರಿ ಇವು ಉಳಿದುಕೊಂಡುವು. ದೊಡ್ಡ ಜಹಗೀರುದಾರರಿಗೆ ತಮ್ಮವೇ ಆದ ಪೋಲೀಸೂ ನ್ಯಾಯಾಲಯಗಳೂ ಇದ್ದುದರಿಂದ ರೈತನು ಯಾರ ವಿರುದ್ಧ ದೂರಬೇಕೋ ಅವರ ಎದುರಿಗೇ ಹೋಗಿ ದೂರಬೇಕಾಗಿತ್ತು.

ಸಂಸ್ಥಾನವು ಏನನ್ನೂ ಕಟ್ಟಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದೀತು. ಗುಲ್ಬರ್ಗದಲ್ಲಿ 1884ರಲ್ಲಿ ಮಹಬೂಬ್ ಶಾಹಿ ಗಿರಣಿ ಸ್ಥಾಪಿತವಾಯಿತು. ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯೊಂದನ್ನು ಬೋಧನಮಾಧ್ಯಮವನ್ನಾಗಿ ಮಾಡಿಕೊಂಡು ಆರಂಭವಾದುದು ಭಾರತದ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಗಣನೀಯವಾದ ಸಂಗತಿ. 1923ರಿಂದ 1931ರ ವರೆಗೆ ನಿಜಾಮಸಾಗರವನ್ನು ಕಟ್ಟಿದರು. ಆದರೆ ಆ ಮಾಧ್ಯಮವು ಉರ್ದು. ಕನ್ನಡ, ತೆಲುಗು, ಮರಾಠಿಗಳನ್ನಾಡುವ ಹಳ್ಳಿಯ ಮಗುವಿಗೆ ಅದು ದೂರದ ಮಾತು. ಆ ನೀರು ತೆಲಂಗಾಣಕ್ಕೆ. ಕನ್ನಡ ಜಿಲ್ಲೆಗಳಿಗೆ ದೊಡ್ಡ ನೀರಾವರಿಯೆಂದು ಒದಗಿದ್ದು ತುಂಗಭದ್ರಾ ಯೋಜನೆ, ಅದೂ ಸಂಸ್ಥಾನವು ಅಳಿದ ಮೇಲೆ, 1953ರಲ್ಲಿ. ಆಳಂದ ತಾಲ್ಲೂಕಿನ ಸರಸಂಬಾ ಕಡೆಯ ಎರೆಭೂಮಿಯಲ್ಲಿ ಜೋಳ ತೊಗರಿಗಳನ್ನು ಬೆಳೆಯುವವನು ಅಂದಿನಂತೆ ಇಂದಿಗೂ ಹೆಚ್ಚಾಗಿ ಮಳೆಯನ್ನೇ ನಂಬಿಕೊಂಡಿದ್ದಾನೆ. ಭೀಮಾ ನದಿಯು ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಹರಿದರೂ ನಿಜಾಮಶಾಹಿಯ ಕಾಲದಲ್ಲಿ ಅದರ ನೀರನ್ನು ಹೊಲಕ್ಕೆ ತಿರುಗಿಸುವ ದೊಡ್ಡ ಕೆಲಸ ನಡೆಯಲಿಲ್ಲ.

ಫಲವನ್ನು ಒಂದೇ ಅಂಕಿಯಿಂದ ಅಳೆಯಬಹುದು. 1941ರಲ್ಲಿ ಹೈದರಾಬಾದು ಸಂಸ್ಥಾನದಲ್ಲಿ ಓದುಬರಹ ಬಲ್ಲವರು ಹತ್ತು ಮಂದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ. ಅದೇ ವರ್ಷ ತಿರುವಾಂಕೂರಿನಲ್ಲಿ ಅಕ್ಷರಸ್ಥರ ಪ್ರಮಾಣ ಅರ್ಧದ ಸಮೀಪಕ್ಕೆ ಬಂದಿತ್ತು. ಜಗತ್ತಿನ ಅತ್ಯಂತ ಶ್ರೀಮಂತನೆನಿಸಿದವನ ರಾಜ್ಯವು ಅಕ್ಷರದಲ್ಲಿ ದೇಶದ ಅತ್ಯಂತ ಬಡ ರಾಜ್ಯಗಳಲ್ಲೊಂದಾಗಿತ್ತು.

4. ಇದು ಅರಸನ ಧರ್ಮದ ಫಲವೇ?

ಈ ಪ್ರಶ್ನೆಗೆ ಎರಡು ಕಡೆಯಿಂದ ಉತ್ತರ ಹುಡುಕಬಹುದು. ಮೊದಲನೆಯದಾಗಿ, ಹಿಂದೂ ಅರಸರ ರಾಜ್ಯಗಳನ್ನು ನೋಡೋಣ. ತಿರುವಾಂಕೂರು, ಮೈಸೂರುಗಳು ಮುಂದುವರಿದವೆಂಬುದು ನಿಜ. ಆದರೆ ಜೋಧಪುರ ಮೊದಲಾದ ರಾಜಪುತ್ರ ಸಂಸ್ಥಾನಗಳಲ್ಲಿ ಭೂಮಿಯ ಹೆಚ್ಚಿನ ಪಾಲು ಜಹಗೀರುಗಳಾಗಿಯೇ ಇತ್ತು, ಅಲ್ಲಿಯೂ ಬಿಟ್ಟಿ ಚಾಕರಿಯಿತ್ತು, ಅಲ್ಲಿಯೂ ನಿರಕ್ಷರತೆ ಹೈದರಾಬಾದಿನಂತೆಯೇ ಇತ್ತು. ರಾಜಸ್ಥಾನದಲ್ಲಿ ಜಹಗೀರುಗಳನ್ನು ತೆಗೆದುಹಾಕಲು 1952ರಲ್ಲಿ ಕಾಯಿದೆ ಮಾಡಬೇಕಾಯಿತು. ಧರ್ಮ ಬೇರೆ, ಭೂವ್ಯವಸ್ಥೆ ಒಂದೇ, ಫಲವೂ ಒಂದೇ. ಮೈಸೂರಿನಲ್ಲಿ ಅರಸನ ಧರ್ಮಕ್ಕಿಂತ ಹೆಚ್ಚಾಗಿ ಕೆಲಸಮಾಡಿದ್ದು ರೈತವಾರಿ ಪದ್ಧತಿ, 1881ರಲ್ಲಿ ಏರ್ಪಟ್ಟ ಪ್ರಜಾಪ್ರತಿನಿಧಿ ಸಭೆ, ಶಾಲೆ ಕಾಲುವೆಗಳಿಗೆ ಕಂದಾಯವನ್ನು ವಿನಿಯೋಗಿಸಿದ ದಿವಾನರ ನೀತಿ.

ಎರಡನೆಯದಾಗಿ, ಹೈದರಾಬಾದಿನ ಮುಸಲ್ಮಾನ ಪ್ರಜೆಯನ್ನು ನೋಡೋಣ. ಅರಸನ ಧರ್ಮದಿಂದ ಐಶ್ವರ್ಯ ಬರುವುದಾಗಿದ್ದರೆ ಅದು ಮೊದಲು ಅವನಿಗೆ ಬರಬೇಕಾಗಿತ್ತು. ಅಮೀರರೂ ಅಧಿಕಾರಿಗಳೂ ಅದರ ಲಾಭ ಪಡೆದರು. ನಗರದ ಸರಕಾರಿ ನೌಕರಿಗಳಲ್ಲಿ ಮುಸಲ್ಮಾನರ ಪ್ರಮಾಣ ಅವರ ಸಂಖ್ಯೆಯನ್ನು ಮೀರಿತ್ತು. ಆದರೆ ಹಳ್ಳಿಯ ನೇಕಾರ, ಪಿಂಜಾರ, ಕಟುಕ, ಕೂಲಿಕಾರ ಮುಸಲ್ಮಾನನ ಬದುಕು ನೆರೆಯ ಹಿಂದೂ ಬಡವನ ಬದುಕಿಗಿಂತ ಬೇರೆಯಾಗಿರಲಿಲ್ಲ. ಹಾಗೆಯೇ ಜಹಗೀರು, ದೇಶಮುಖಿ, ದೇಶಪಾಂಡೆಗಿರಿಗಳ ಲಾಭವನ್ನುಂಡ ಹಿಂದೂ ಮನೆತನಗಳೂ ಕಡಿಮೆಯಿರಲಿಲ್ಲ.

ಈ ಭೇದವನ್ನು ಮರೆತುದರ ಬೆಲೆಯನ್ನು ನಮ್ಮ ಜಿಲ್ಲೆಗಳು ತೆತ್ತಿವೆ. 1947-48ರಲ್ಲಿ ರಜಾಕಾರರ ಹಾವಳಿಗೆ ಹಳ್ಳಿಗಳು ಸಿಕ್ಕಿದುವು. 1948ರ ಸೆಪ್ಟೆಂಬರ್ 13ರಿಂದ ಆರಂಭವಾದ ಪೋಲೀಸ್ ಕಾರ್ಯಾಚರಣೆಯ ಬೆನ್ನಿಗೇ ಮುಸಲ್ಮಾನರ ಮೇಲೆ ಸೇಡಿನ ಹಿಂಸೆ ನಡೆಯಿತು. ಅದನ್ನು ವಿಚಾರಿಸಲು ಭಾರತ ಸರಕಾರವು ಕಳುಹಿಸಿದ ಸುಂದರಲಾಲ್ ಸಮಿತಿಯು ಉಸ್ಮಾನಾಬಾದು, ಗುಲ್ಬರ್ಗ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಹಾನಿ ಅತಿ ಹೆಚ್ಚೆಂದು ಕಂಡುಕೊಂಡಿತು. ಅರಸನಿಗೆ ವರ್ಷಕ್ಕೆ 50 ಲಕ್ಷ ರೂಪಾಯಿಗಳ ರಾಜಧನವೂ ಸರ್ಫೆಖಾಸ್ ಭೂಮಿಗೆ ಬದಲಾಗಿ 25 ಲಕ್ಷ ರೂಪಾಯಿಗಳೂ ಗೊತ್ತಾದುವು. ಎರಡು ಹಿಂಸೆಗಳಲ್ಲಿಯೂ ಮನೆಮಾರು ಕಳೆದುಕೊಂಡವರಲ್ಲಿ ಹೆಚ್ಚಿನವರು ಆ ಐಶ್ವರ್ಯದ ಒಂದು ಕಾಸನ್ನೂ ಕಾಣದವರು.

5. ದಖ್ಖನದ ಹಣ, ಅರಬಸ್ತಾನದ ಬಡತನ

ಹೈದರಾಬಾದಿನಿಂದ ಅರಬ್ ರಾಷ್ಟ್ರಗಳಿಗೆ ಹೋಗುವುದಕ್ಕೆ ಚರಿತ್ರೆಯೇ ಒಂದು ಸೇತುವೆಯನ್ನು ಕಟ್ಟಿಕೊಟ್ಟಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅರಬಸ್ತಾನದ ದಕ್ಷಿಣ ತೀರದ ಹದ್ರಮಾತ್ ಪ್ರಾಂತದಿಂದ ಬಡ ಅರಬರು ಹೊಟ್ಟೆಪಾಡಿಗಾಗಿ ನಿಜಾಮನ ದಂಡಿಗೆ ಬಂದು ಸೇರುತ್ತಿದ್ದರು. ಅವರ ನಾಯಕರಾದ ಜಮಾದಾರರಲ್ಲಿ ಉಮರ್ ಬಿನ್ ಅವಜ್ ಅಲ್-ಕುಐತಿ ಎಂಬವನು ಇಲ್ಲಿ ಅಪಾರವಾದ ಹಣ ಸಂಪಾದಿಸಿದನು. ಆ ಹಣದ ಬಲದಿಂದ ಅವನ ಮಕ್ಕಳು ತಮ್ಮ ತಾಯ್ನಾಡಿನಲ್ಲಿ ಮುಕಲ್ಲಾ, ಶಿಹ್ರ್ ಪಟ್ಟಣಗಳನ್ನೊಳಗೊಂಡ ಕುಐತಿ ಸುಲ್ತಾನರ ರಾಜ್ಯವನ್ನು ಕಟ್ಟಿದರು. ಅದು 1967ರ ವರೆಗೆ ಬಾಳಿತು. ಎಂದರೆ, ದಖ್ಖನದ ರೈತನ ಬೆವರಿನ ಒಂದಂಶ ಅರಬೀ ಸಮುದ್ರವನ್ನು ದಾಟಿ ಅಲ್ಲಿ ಸಿಂಹಾಸನವಾಯಿತು. ಮಕ್ಕಾದಲ್ಲಿ ಹೈದರಾಬಾದಿನ ಯಾತ್ರಿಕರಿಗಾಗಿ ರುಬಾತುಗಳೆಂಬ ಛತ್ರಗಳು ಎದ್ದುವು. ಅಂದು ಸಿರಿವಂತಿಕೆ ಇಲ್ಲಿತ್ತು, ಬಡತನ ಅಲ್ಲಿತ್ತು.

ಈ ಸ್ಥಿತಿ ತಿರುಗಿದ್ದು ಬಹಳ ಇತ್ತೀಚೆಗೆ. ಕೊಲ್ಲಿಯ ಕರಾವಳಿಯ ಜನ ಮುತ್ತು ತೆಗೆಯುವ ಕಸುಬಿನಿಂದ ಬದುಕುತ್ತಿದ್ದರು. ಜಪಾನಿನ ಕೃಷಿಮುತ್ತುಗಳೂ 1929ರ ತರುವಾಯದ ಆರ್ಥಿಕ ಮುಗ್ಗಟ್ಟೂ ಅದನ್ನು ಹಾಳುಮಾಡಿದುವು. ಸೌದಿ ಅರಸನಿಗೆ ಹಜ್ ಯಾತ್ರಿಕರ ಸುಂಕವೇ ಮುಖ್ಯ ಆದಾಯವಾಗಿತ್ತು. 1938ರಲ್ಲಿ ಸೌದಿ ಅರೇಬಿಯಾದಲ್ಲಿಯೂ ಕುವೈತಿನಲ್ಲಿಯೂ ಎಣ್ಣೆ ದೊರೆಯಿತು. ಕುವೈತಿನಿಂದ 1946ರಲ್ಲಿ, ಕತಾರಿನಿಂದ 1949ರಲ್ಲಿ, ಅಬುಧಾಬಿಯಿಂದ 1962ರಲ್ಲಿ ರಫ್ತು ಆರಂಭವಾಯಿತು. ಜನರ ಧರ್ಮ ಬದಲಾಗಲಿಲ್ಲ. ನೆಲದಡಿಯ ಪದಾರ್ಥಕ್ಕೆ ಬೆಲೆ ಬಂದಿತು. ಇಂದು ಹೈದರಾಬಾದು, ಬೀದರ, ಕಲಬುರಗಿಗಳಿಂದ ದುಡಿಮೆಗಾಗಿ ಜನ ಅತ್ತ ಹೋಗುತ್ತಾರೆ. ಕತಾರಿನ ನಿವಾಸಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಹೊರದೇಶದವರು; ತಲಾ ಆದಾಯದ ಅಂಕಿಯೊಳಗೆ ಅವರ ತಲೆಯೂ ಎಣಿಕೆಯಾಗಿದೆ, ಪಾಲು ಮಾತ್ರ ಸಮನಾಗಿಲ್ಲ.

ಎಣ್ಣೆಯ ಆದಾಯಕ್ಕೂ ಸರ್ಫೆಖಾಸಿಗೂ ಒಂದು ಹೋಲಿಕೆಯಿದೆ. ಎರಡೂ ಅರಸನ ಕೈಗೆ ಪ್ರಜೆಯ ಒಪ್ಪಿಗೆಯನ್ನು ಬೇಡದೆ ಬರುವ ಹಣ. ಇಂಥ ಹಣದ ಗತಿ ಅರಸನ ಮನೋಧರ್ಮವನ್ನವಲಂಬಿಸುತ್ತದೆ. ಕುವೈತಿನ ಅಬ್ದುಲ್ಲಾ ಅಲ್-ಸಾಲಿಮನು 1950ರಿಂದ 1965ರ ವರೆಗೆ ಆಳಿ ಆ ಹಣವನ್ನು ಶಾಲೆ ಆಸ್ಪತ್ರೆಗಳಿಗೆ ತಿರುಗಿಸಿದನು. 1976ರಲ್ಲಿ ಅಲ್ಲಿ ಮುಂದಿನ ಪೀಳಿಗೆಗಳಿಗಾಗಿ ಒಂದು ನಿಧಿಯೂ ಏರ್ಪಟ್ಟಿತು. ಅಬುಧಾಬಿಯ ಶೇಖ್ ಶಖ್ಬೂತನು ಎಣ್ಣೆಯ ಹಣ ಬಂದರೂ ಅದನ್ನು ಬಿಚ್ಚಲಾರದೆ ಕುಳಿತನು. 1966ರಲ್ಲಿ ಅವನನ್ನಿಳಿಸಿ ತಮ್ಮನಾದ ಶೇಖ್ ಜಾಯದನು ಪಟ್ಟಕ್ಕೆ ಬಂದ ಮೇಲೆಯೇ ರಸ್ತೆ, ಮನೆ, ಶಾಲೆಗಳಾದುವು. ಎಣ್ಣೆ ಅದೇ, ವಂಶವೂ ಅದೇ. ಹಣದ ದಾರಿ ಬದಲಾಯಿತು. ಸ್ವಂತ ಖರ್ಚಿನಲ್ಲಿ ಜಿಪುಣನೆಂದು ಹೆಸರಾದ ನಮ್ಮ ಏಳನೆಯ ನಿಜಾಮನನ್ನು ಇಲ್ಲಿ ನೆನೆಯದಿರಲಾಗುವುದಿಲ್ಲ. 1948ರ ಸೆಪ್ಟೆಂಬರಿನಲ್ಲಿ ಆತನ ಸರಕಾರದ ಹಣ ಸುಮಾರು 10 ಲಕ್ಷ ಪೌಂಡುಗಳು ಲಂಡನ್ನಿನ ಒಂದು ಬ್ಯಾಂಕಿನಲ್ಲಿದ್ದ ಪಾಕಿಸ್ತಾನದ ರಾಯಭಾರಿಯ ಖಾತೆಗೆ ಹೋದುವು. ವ್ಯಾಜ್ಯ ತೀರಿ, ಅದು ಭಾರತಕ್ಕೂ ನಿಜಾಮನ ವಾರಸುದಾರರಿಗೂ ಸೇರತಕ್ಕದ್ದೆಂದು ತೀರ್ಪಾದುದು 2019ರಲ್ಲಿ. ಅಷ್ಟರಲ್ಲಿ ಅದು ಸುಮಾರು ಮೂರೂವರೆ ಕೋಟಿ ಪೌಂಡುಗಳಾಗಿ ಬೆಳೆದಿತ್ತು. 71 ವರ್ಷಗಳ ಕಾಲ ಆ ಹಣ ಯಾವ ಹೊಲಕ್ಕೂ ನೀರು ತರಲಿಲ್ಲ, ಯಾವ ಶಾಲೆಗೂ ಗೋಡೆಯಾಗಲಿಲ್ಲ.

6. ದಾರಿ ಬದಲಾದ ರಾಷ್ಟ್ರಗಳು

ಸಂಪತ್ತಿನ ದಾರಿಯನ್ನು ಅರಸರಲ್ಲದವರೂ ಕಟ್ಟಬಲ್ಲರು. ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬುಲ್ ಹಕ್ ಅವರು 1968ರಲ್ಲಿ ತಮ್ಮ ದೇಶದ ಕೈಗಾರಿಕಾ ಆಸ್ತಿಯಲ್ಲಿ ಮೂರರಲ್ಲಿ ಎರಡು ಪಾಲು 22 ಮನೆತನಗಳ ಹಿಡಿತದಲ್ಲಿದೆಯೆಂದು ಬಹಿರಂಗವಾಗಿ ಹೇಳಿದರು. ರಾಷ್ಟ್ರದ ಉತ್ಪನ್ನ ಬೆಳೆಯುತ್ತಿತ್ತು, ಜನರ ಬದುಕು ಬೆಳೆಯುತ್ತಿರಲಿಲ್ಲ. ಅವರೇ 1990ರಲ್ಲಿ, ಅಮರ್ತ್ಯ ಸೇನರ ನೆರವಿನೊಡನೆ, ಆಯುಸ್ಸು, ವಿದ್ಯೆ, ಆದಾಯ ಮೂರನ್ನೂ ಕೂಡಿಸಿ ಅಳೆಯುವ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ವಿಶ್ವಸಂಸ್ಥೆಯ ವರದಿಯ ಮೂಲಕ ಜಗತ್ತಿಗೆ ಕೊಟ್ಟರು. ಬೊಕ್ಕಸದ ಐಶ್ವರ್ಯಕ್ಕೂ ಪ್ರಜೆಯ ಐಶ್ವರ್ಯಕ್ಕೂ ಇರುವ ಭೇದವನ್ನು ಅಂಕಿಯಲ್ಲಿ ತೋರಿಸಿದವರು ಒಂದು ಮುಸ್ಲಿಂ ರಾಷ್ಟ್ರದವರೇ ಎಂಬುದು ಗಮನಾರ್ಹ.

ಆ ಅಳತೆಗೋಲನ್ನು ಹಿಡಿದು ನೋಡಿದರೆ ಕೆಲವು ಪಾಠಗಳು ಸ್ಪಷ್ಟವಾಗುತ್ತವೆ. ಜಗತ್ತಿನಲ್ಲಿ ಅತಿ ಹೆಚ್ಚು ಮುಸಲ್ಮಾನರಿರುವ ಇಂಡೋನೇಷಿಯಾವು ಎಣ್ಣೆಯ ಬೆಲೆ ಏರಿದ ಸಮಯದಲ್ಲಿ, 1973ರಿಂದ ಆರು ವರ್ಷಗಳೊಳಗೆ, 61,000ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಕಟ್ಟಿತು. ಮಲೇಷಿಯಾದ ಮುಖ್ಯಭೂಭಾಗದಲ್ಲಿ 1970ರಲ್ಲಿ ಸುಮಾರು ಅರ್ಧದಷ್ಟು ಕುಟುಂಬಗಳು ಬಡವಾಗಿದ್ದುವು. ಭೂಹೀನರಿಗೆ ರಬ್ಬರು, ತಾಳೆಯ ತೋಟಗಳನ್ನು ಹಂಚಿ ನೆಲೆಯೂರಿಸಿದ ಕಾರ್ಯವೂ 1971ರ ಹೊಸ ಆರ್ಥಿಕ ನೀತಿಯೂ ಶಾಲೆ ಕಾರ್ಖಾನೆಗಳೂ ಸೇರಿ ಒಂದೆರಡು ತಲೆಮಾರುಗಳಲ್ಲಿ ಆ ಬಡತನವನ್ನು ಬಹುಮಟ್ಟಿಗೆ ಇಳಿಸಿದುವು. 1974ರ ಕ್ಷಾಮದಲ್ಲಿ ತತ್ತರಿಸಿದ ಬಾಂಗ್ಲಾದೇಶಕ್ಕೆ ಎಣ್ಣೆಯಿರಲಿಲ್ಲ. ಹಳ್ಳಿಯ ಹೆಣ್ಣುಮಕ್ಕಳ ಶಾಲೆ, ಗ್ರಾಮೀಣ ಬ್ಯಾಂಕಿನಂಥ ಸಂಸ್ಥೆಗಳ ಸಣ್ಣ ಸಾಲ, ಹೆಂಗಸರೇ ಹೆಚ್ಚಾಗಿ ದುಡಿಯುವ ಸಿದ್ಧ ಉಡುಪಿನ ಕಾರ್ಖಾನೆಗಳು ಇವುಗಳಿಂದ ಅದರ ಸರಾಸರಿ ಆಯುಸ್ಸು 70 ವರ್ಷಗಳನ್ನು ದಾಟಿತು. ಇದಕ್ಕೆ ವಿರುದ್ಧವಾಗಿ ನೈಜರಿನಲ್ಲಿ 1971ರಿಂದ ಯುರೇನಿಯಂ ತೆಗೆಯುತ್ತಿದ್ದರೂ ಅದರ ಜನರಲ್ಲಿ ಹೆಚ್ಚಿನವರು ಮಳೆಯನ್ನು ನಂಬಿದ ಒಕ್ಕಲಿಗರಾಗಿಯೂ ಪಶುಪಾಲಕರಾಗಿಯೂ ಉಳಿದು, ಆ ದೇಶವು ಸೂಚ್ಯಂಕದ ಕೆಳತುದಿಯಲ್ಲಿಯೇ ನಿಂತಿದೆ. ಹೈದರಾಬಾದಿನ ಹಣದಿಂದ ಸಿಂಹಾಸನ ಕಟ್ಟಿದ ಹದ್ರಮಾತ್ ಇಂದು ಯೆಮನಿಗೆ ಸೇರಿ, ಅಂತಃಕಲಹದಿಂದ ನಲುಗಿದ ಅತಿ ಬಡ ದೇಶವೊಂದರ ಭಾಗವಾಗಿದೆ.

7. ಒಂದು ಆಕ್ಷೇಪ

ಇಸ್ಲಾಮೀ ಕಾನೂನಿಗೆ ಯಾವ ಪಾತ್ರವೂ ಇಲ್ಲವೆಂದು ಹೇಳುವುದು ಅವಸರವಾದೀತು. ತಿಮೂರ್ ಕುರಾನ್ ಎಂಬ ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಧ್ಯಪ್ರಾಚ್ಯವು ಯೂರೋಪಿಗಿಂತ ಹಿಂದೆ ಬಿದ್ದುದಕ್ಕೆ ಅಲ್ಲಿಯ ಕಾನೂನಿನ ಕೆಲವು ಅಂಶಗಳನ್ನು ಕಾರಣವಾಗಿ ತೋರಿಸಿದ್ದಾರೆ. ವಾರಸುದಾರರೆಲ್ಲರಿಗೂ ಪಾಲು ವಿಧಿಸಿದ್ದರಿಂದ ವ್ಯಾಪಾರದ ಬಂಡವಾಳ ಒಬ್ಬನ ಮರಣದೊಡನೆ ಚೂರಾಗುತ್ತಿತ್ತು. ವಕ್ಫಿಗೆ ಬಿಟ್ಟ ಆಸ್ತಿಯನ್ನು ಕಾಲಕ್ಕೆ ತಕ್ಕಂತೆ ಬೇರೆ ಕೆಲಸಕ್ಕೆ ತಿರುಗಿಸುವುದು ಕಷ್ಟವಾಗಿತ್ತು. ಅನೇಕರು ಕೂಡಿ ನಡೆಸುವ ಶಾಶ್ವತ ಕಂಪನಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಈ ವಾದ ಗೌರವಕ್ಕೆ ಅರ್ಹವಾದುದು. ಆದರೆ ಇದು ದೂರುವುದು ನಂಬಿಕೆಯನ್ನಲ್ಲ, ಸಂಸ್ಥೆಗಳನ್ನು. ಹತ್ತೊಂಬತ್ತು ಇಪ್ಪತ್ತನೆಯ ಶತಮಾನಗಳಲ್ಲಿ ಅನೇಕ ಮುಸ್ಲಿಂ ರಾಷ್ಟ್ರಗಳು ಅಂಥ ಸಂಸ್ಥೆಗಳನ್ನು ಮಾರ್ಪಡಿಸಿಕೊಂಡುವೆಂಬುದನ್ನು ಕುರಾನರೂ ಒಪ್ಪುತ್ತಾರೆ. ಸಂಸ್ಥೆಗಳನ್ನು ಮನುಷ್ಯರು ಮಾಡುತ್ತಾರೆ, ಮನುಷ್ಯರೇ ಬದಲಾಯಿಸುತ್ತಾರೆ.

8. ಉಪಸಂಹಾರ

ಹೈದರಾಬಾದಿನ ಜಹಗೀರುಗಳು 1949ರಲ್ಲಿ ರದ್ದಾದುವು. 1950ರಲ್ಲಿ ಗೇಣಿದಾರರ ರಕ್ಷಣೆಗೆ ಕಾಯಿದೆ ಬಂದಿತು. 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದುವು. ಅದಾಗಿ ಸುಮಾರು ಅರ್ಧ ಶತಮಾನದ ಮೇಲೆ, 2002ರಲ್ಲಿ, ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಆ 39ರಲ್ಲಿ 21 ಗುಲ್ಬರ್ಗ ವಿಭಾಗಕ್ಕೆ ಸೇರಿದ್ದುವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದುವು. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಸಾಕ್ಷರತೆ ಶೇಕಡಾ 65ರ ಸಮೀಪವಿದ್ದರೆ ರಾಜ್ಯದ ಸಾಕ್ಷರತೆ ಶೇಕಡಾ 75ನ್ನು ದಾಟಿತ್ತು. 2012ರಲ್ಲಿ ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಬೇಕಾಗಿ ಬಂದುದು ಈ ಹಿನ್ನೆಲೆಯಲ್ಲಿ.

ಈ ಅಂಕಿಗಳನ್ನು ಮುಂದಿಟ್ಟುಕೊಂಡಾಗ ಎರಡು ಮಾತುಗಳನ್ನು ಒಟ್ಟಿಗೇ ಹೇಳಬೇಕಾಗುತ್ತದೆ. ಶಾಲೆ, ಕಾಲುವೆ, ರಸ್ತೆಗಳಿಲ್ಲದೆ ಕಳೆದ ತಲೆಮಾರುಗಳ ಕೊರತೆ ಒಂದು ಕಾಯಿದೆಯಿಂದ ತುಂಬುವುದಿಲ್ಲ. ಆದಕಾರಣ ಹಳೆಯ ವ್ಯವಸ್ಥೆಯ ನೆರಳು ಇಂದಿಗೂ ಬಿದ್ದಿದೆ. ಆದರೆ ನಿಜಾಮನು ಅಧಿಕಾರ ಕಳೆದುಕೊಂಡು ಮುಕ್ಕಾಲು ಶತಮಾನ ಸಂದಿದೆ. ಈ ಅವಧಿಯ ಹೊಣೆಯನ್ನು ಆತನ ಮೇಲೂ ಹೊರಿಸಲಾಗದು, ಆತನ ಧರ್ಮದವರ ಮೇಲೆ ಹೊರಿಸುವುದಂತೂ ನ್ಯಾಯವಲ್ಲ. ಅದು ನಾವೇ ಆರಿಸಿದ ಸರಕಾರಗಳ ಹೊಣೆ.

1470ರ ಸುಮಾರಿಗೆ ಬೀದರಿಗೆ ಬಂದಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿಟಿನನು ಬಹಮನಿ ರಾಜ್ಯದ ಅಮೀರರ ಅತಿಶಯವಾದ ವೈಭವವನ್ನೂ ಹಳ್ಳಿಗರ ದೈನ್ಯವನ್ನೂ ಜೊತೆಜೊತೆಯಾಗಿ ಕಂಡು ಬರೆದಿಟ್ಟಿದ್ದಾನೆ. ಆತನು ಕ್ರೈಸ್ತ, ಕಂಡದ್ದು ಮುಸಲ್ಮಾನರ ಆಸ್ಥಾನ, ಹಿಂದೂಗಳ ಹಳ್ಳಿ. ಆದರೆ ಆತನ ಕಣ್ಣಿಗೆ ಬಿದ್ದ ಭೇದವು ಉಳ್ಳವರ ಮತ್ತು ಇಲ್ಲದವರ ಭೇದ. ಯಾವುದೇ ರಾಷ್ಟ್ರದ ಸಂಪತ್ತನ್ನು ವಿಚಾರಿಸುವ ವಿದ್ಯಾರ್ಥಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಹಣವು ಎಲ್ಲಿಂದ ಬರುತ್ತದೆ? ಅದನ್ನು ಹಿಡಿದವನು ಯಾರಿಗೆ ಲೆಕ್ಕ ಒಪ್ಪಿಸುತ್ತಾನೆ? ಅದರಲ್ಲಿ ಎಷ್ಟು ಪಾಲು ಶಾಲೆಯಾಗಿ, ನೀರಾಗಿ, ಔಷಧವಾಗಿ ಹಳ್ಳಿಗೆ ಮರಳುತ್ತದೆ? ಈ ಪ್ರಶ್ನೆಗಳು ಕತಾರಿಗೆ ಹೇಗೋ ಆಳಂದಕ್ಕೂ ಹಾಗೆಯೇ ಅನ್ವಯಿಸುತ್ತವೆ.